ಯಂತ್ರಕ್ಕೆ ‘ಭ್ರಮೆ’ ಆಗುತ್ತದೆಯೇ? ಹಲೂಸಿನೇಷನ್‌ಗೆ ಕನ್ನಡದ ಮಾತು ಬೇಕು

ಎಲ್ಲರಿಗೂ ನಮಸ್ಕಾರ.

ಕಾನೂನು ಓದುವ ಮಕ್ಕಳಿಗಾಗಿ ಎಐ ಬಗ್ಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಮೂರು ದಿನದಿಂದ ಒಂದೇ ಪದದ ಹತ್ತಿರ ನಿಂತಿದ್ದೇನೆ: ಹಲೂಸಿನೇಷನ್. ಚಾಟ್‌ಬಾಟ್ ಇಲ್ಲದ್ದನ್ನು ಇದೆ ಎಂದು ಧೈರ್ಯವಾಗಿ ಹೇಳುತ್ತದಲ್ಲ, ಅದಕ್ಕೆ ಕನ್ನಡದಲ್ಲಿ ಏನನ್ನೋಣ?

ಮೊದಲು ಕೈಗೆ ಸಿಗುವುದು ‘ಭ್ರಮೆ’. ಆದರೆ ನಾನು ಬರೆಯುತ್ತಿರುವ ಪ್ರಸಂಗಕ್ಕೆ ಅದು ಹೊಂದುತ್ತಿಲ್ಲ. 2023ರಲ್ಲಿ ನ್ಯೂಯಾರ್ಕಿನಲ್ಲಿ ನಡೆದದ್ದು. ವಿಮಾನದಲ್ಲಿ ಊಟದ ಗಾಡಿ ಮೊಣಕಾಲಿಗೆ ಬಡಿಯಿತು ಎಂದು ಒಬ್ಬರು ಏವಿಯಾಂಕಾ ಕಂಪನಿಯ ಮೇಲೆ ದಾವೆ ಹೂಡಿದ್ದರು. ಅವರ ವಕೀಲರು ಆಧಾರವಾಗಿ ಕೊಟ್ಟ ತೀರ್ಪುಗಳಲ್ಲಿ ಆರು ಎಲ್ಲೂ ಇರಲೇ ಇಲ್ಲ, ಚಾಟ್‌ಜಿಪಿಟಿ ಹೆಣೆದುಕೊಟ್ಟಿದ್ದವು. ‘ಇವು ನಿಜವೇ?’ ಎಂದು ಅದನ್ನೇ ಕೇಳಿದರೆ ‘ಹೌದು’ ಎಂದಿತಂತೆ! ನ್ಯಾಯಾಧೀಶ ಕೆವಿನ್ ಕ್ಯಾಸ್ಟೆಲ್ 5,000 ಡಾಲರ್ ದಂಡ ಹಾಕಿದರು. ಎಐ ಬಳಸಿದ್ದೇ ತಪ್ಪು ಅಂತ ಅವರು ಹೇಳಲಿಲ್ಲ. ಅನುಮಾನ ಬಂದ ಮೇಲೂ ವಕೀಲರು ಆ ತೀರ್ಪುಗಳಿಗೆ ಜೋತುಬಿದ್ದದ್ದು ಅವರಿಗೆ ಸರಿಕಾಣಲಿಲ್ಲ.

ಇಲ್ಲಿ ಭ್ರಮೆ ಯಾರಿಗಾಯಿತು? ಯಂತ್ರಕ್ಕೆ ಏನೂ ಕಂಡಿಲ್ಲ. ಮುಂದೆ ಯಾವ ಮಾತು ಬರಬಹುದು ಎಂದು ಲೆಕ್ಕ ಹಾಕಿ ಪೋಣಿಸಿತು, ಅಷ್ಟೇ. ಭ್ರಮೆ ಹಿಡಿದವರನ್ನು ಕಂಡರೆ ನಾವು ‘ಪಾಪ’ ಅನ್ನುತ್ತೇವೆ, ದಂಡ ಹಾಕುವುದಿಲ್ಲ. ‘ಯಂತ್ರ ಭ್ರಮಿಸಿತು’ ಎಂದು ಬರೆದರೆ ವಕೀಲರು ಮೆಲ್ಲಗೆ ವಾಕ್ಯದಿಂದ ಹೊರಗೆ ಹೋಗಿಬಿಡುತ್ತಾರೆ, ಅಲ್ವಾ?

ಹೀಗೆ ಜಾರಿಕೊಳ್ಳಲು ನೋಡಿದವರೂ ಇದ್ದಾರೆ. ಮನೆಯಲ್ಲಿ ಸಾವಾದವರಿಗೆ ಕೊಡುವ ಟಿಕೆಟ್ ರಿಯಾಯಿತಿಯನ್ನು ಪ್ರಯಾಣ ಮುಗಿಸಿ ಬಂದ ಮೇಲೂ ಕೇಳಬಹುದು ಎಂದು ಏರ್ ಕೆನಡಾದ ಚಾಟ್‌ಬಾಟ್ ಒಬ್ಬರಿಗೆ ತಪ್ಪು ಹೇಳಿತ್ತು. ಬಾಟ್ ಬೇರೆಯೇ ಒಬ್ಬ ವ್ಯಕ್ತಿ, ಅದರ ಮಾತಿಗೆ ಅದೇ ಹೊಣೆ ಎನ್ನುವ ಧಾಟಿಯಲ್ಲಿ ಕಂಪನಿ ವಾದಿಸಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ಅದನ್ನು ಒಪ್ಪದೆ ಕಂಪನಿಯಿಂದಲೇ ಹಣ ಕೊಡಿಸಿತು.

ಬೇರೆ ಪದಗಳನ್ನೂ ಹಾಕಿ ನೋಡಿದೆ. ‘ಸುಳ್ಳು’ ಎಂದರೆ ನಿಜ ಗೊತ್ತಿದ್ದೂ ಮುಚ್ಚಿಟ್ಟಂತೆ. ಯಂತ್ರಕ್ಕೆ ಅಷ್ಟು ಬುದ್ಧಿಯನ್ನು ನಾವೇ ಕೊಟ್ಟಂತಾಗುತ್ತದೆ. ‘ನಕಲಿ ತೀರ್ಪು’ ಇನ್ನೂ ತೊಡಕು. ಕೋರ್ಟಿನಲ್ಲಿ ‘ತೀರ್ಪಿನ ನಕಲು’ ಎಂದರೆ ಸೀಲು ಹಾಕಿ ಕೊಡುವ ಪಕ್ಕಾ ಪ್ರತಿ. ಓದುವ ಮಕ್ಕಳು ಎರಡನ್ನೂ ಕಲಸಿಕೊಳ್ಳುತ್ತಾರೆ. ನನ್ನ ಮನಸ್ಸಿಗೆ ಬಹಳ ಹಿಡಿಸಿದ್ದು ‘ಬುರುಡೆ’. ಬುರುಡೆ ಬಿಡುವವನಿಗೆ ಮಾತು ನಿಜವೋ ಸುಳ್ಳೋ ಎಂಬ ಚಿಂತೆಯೇ ಇರುವುದಿಲ್ಲ, ಓಡಿದರೆ ಸಾಕು. ಚಾಟ್‌ಬಾಟಿಗೆ ಹೇಳಿ ಮಾಡಿಸಿದ ಪದ! ಆದರೆ ಕಾನೂನಿನ ಕೈಪಿಡಿಯಲ್ಲಿ ‘ಬುರುಡೆ ತೀರ್ಪು’ ಎಂದು ಅಚ್ಚು ಹಾಕಿಸುವ ಧೈರ್ಯ ನನಗಿಲ್ಲ.

ಕೊನೆಗೆ ‘ಹುಸಿ’ಗೆ ಬಂದಿದ್ದೇನೆ. ಹುಸಿ ನುಡಿಯುವುದರಲ್ಲಿ ಉದ್ದೇಶ ಇದೆ ನಿಜ. ಆದರೆ ‘ನಿರೀಕ್ಷೆ ಹುಸಿಯಾಯಿತು’ ಎಂದಾಗ ಯಾರ ಉದ್ದೇಶವೂ ಇಲ್ಲ. ಹುಸಿ ಬಾಂಬ್ ಕರೆ, ಹುಸಿಕೋಪ ಇವುಗಳಲ್ಲಿ ಹೊರಗೆ ನಿಜದ ಹಾಗೆ ಕಂಡು ಒಳಗೆ ಏನೂ ಇಲ್ಲದ ಗುಣವಿದೆ. ನನಗೆ ಬೇಕಾದದ್ದು ಅದೇ. ‘ಹುಸಿ ತೀರ್ಪು’ ಸರಾಗವಾಗಿ ಬರುತ್ತದೆ. ಯಂತ್ರದ ಕೆಲಸಕ್ಕೆ ‘ಹುಸಿಹೆಣಿಗೆ’ ಎಂದು ಜೋಡಿಸಿದ್ದೇನೆ. ‘ಚಾಟ್‌ಬಾಟಿನ ಹುಸಿಹೆಣಿಗೆಯನ್ನು ವಕೀಲರು ನೋಡದೆ ಸಲ್ಲಿಸಿದರು’ ಎಂದರೆ ಸಲ್ಲಿಸಿದವರು ವಾಕ್ಯದಲ್ಲೇ ಉಳಿಯುತ್ತಾರೆ.

ಇದು ನಿಮ್ಮ ಕಿವಿಗೆ ಹೇಗಿದೆ? ಮನೆಯಲ್ಲಿ ಓದಿ ಹೇಳಿದರೆ ‘ಸ್ವೆಟರ್ ಹೆಣೆಯುವ ಹಾಗಿದೆ’ ಎಂದು ನಕ್ಕರು. ಕೋರ್ಟಿನಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದರೆ, ಇಲ್ಲದ ತೀರ್ಪನ್ನು ಎದುರು ಪಕ್ಷದವರು ತೋರಿಸಿದಾಗ ಕಾರಿಡಾರಿನಲ್ಲಿ ನೀವು ಅದನ್ನು ಏನೆಂದು ಕರೆಯುತ್ತೀರಿ? ಅದನ್ನೂ ಬರೆಯಿರಿ.