ಹೊಲಕ್ಕೇ ಡೀಸೆಲ್ ತರಿಸುವಾಗ ಡ್ರೈವರ್ ಏನೇನು ಮಾಡಿಕೊಡಬೇಕು?

ಪ್ರಶ್ನೆ (ದ್ರಾಕ್ಷಿ ಬೆಳೆಗಾರ, ಜತ್ತ ತಾಲ್ಲೂಕು):
ಅಣ್ಣಾ, ನಮಸ್ಕಾರ. ಅಕ್ಟೋಬರ್ ಚಾಟಣಿ (ದ್ರಾಕ್ಷಿ ಬಳ್ಳಿ ಕತ್ತರಿಸುವುದು) ಆದ ಮೇಲೆ ನಮಗೆ ಔಷಧ ಹೊಡೆಯುವ ಕೆಲಸ ಜಾಸ್ತಿ, ಅದಕ್ಕೆ ಟ್ರ್ಯಾಕ್ಟರಿಗೆ ಡೀಸೆಲ್ ಬೇಕೇ ಬೇಕು. ಬಂಕ್ ದೂರ, ಕ್ಯಾನ್ ತುಂಬಿಸಿಕೊಂಡು ಬರುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಅಕ್ಕಪಕ್ಕದ ತೋಟದವರು ಸೇರಿ ಟ್ಯಾಂಕರ್ ತರಿಸೋಣ ಅಂತಿದ್ದೇವೆ. ಅಳತೆ, ಗುಣಮಟ್ಟ ನಂಬುವುದು ಹೇಗೆ? ಎಷ್ಟು ಇಟ್ಟುಕೊಳ್ಳಬಹುದು?

ಉತ್ತರ (ಡೀಸೆಲ್ ಟ್ಯಾಂಕರ್ ಡ್ರೈವರ್):
ನಮಸ್ಕಾರ ತಮ್ಮಾ. ಒಳ್ಳೆಯ ವಿಚಾರ. ಮನೆ ಬಾಗಿಲಿಗೆ ಡೀಸೆಲ್ ಕೊಡುವುದು ನಮ್ಮ ದೇಶದಲ್ಲಿ 2018ರಲ್ಲಿ ಶುರುವಾಯಿತು. ರೈತರಿಗೆ ಇದರಿಂದ ನಿಜವಾಗಿ ಅನುಕೂಲ ಇದೆ.

ಮೊದಲು ಲೆಕ್ಕ ಹೇಳುತ್ತೇನೆ. ಒಂದು ಜಾಗದಲ್ಲಿ ಒಟ್ಟು 2,500 ಲೀಟರ್ ಡೀಸೆಲ್ ತನಕ ಪೆಟ್ರೋಲಿಯಂ ಕಾಯ್ದೆಯ ಲೈಸನ್ಸ್ ಬೇಡ. ಆದರೆ ಯಾವ ಟ್ಯಾಂಕೂ 1,000 ಲೀಟರಿಗಿಂತ ದೊಡ್ಡದಿರಬಾರದು. ಪೆಟ್ರೋಲಿಗೆ ಈ ರಿಯಾಯಿತಿ ಇಲ್ಲ.

ಅಳತೆ ಬಗ್ಗೆ ಅನುಮಾನ ಬಂದರೆ ಸಂಕೋಚ ಬೇಡ. ಮುದ್ರೆ ಇರುವ 5 ಲೀಟರಿನ ಅಳತೆ ಪಾತ್ರೆ ತೆಗೆಯಿರಿ ಅನ್ನಿ. ಅದರಲ್ಲಿ 25 ಮಿಲಿಲೀಟರಿಗಿಂತ ಜಾಸ್ತಿ ಕೊರತೆ ಬಂದರೆ ಅಲ್ಲೇ ನಿಲ್ಲಿಸಿ. ಡೀಸೆಲಿನ ಡೆನ್ಸಿಟಿಯನ್ನೂ (ಸಾಂದ್ರತೆ) ಚಲನ್, ಅಂದರೆ ಲೋಡಿನ ಜೊತೆ ಬರುವ ಚೀಟಿಯಲ್ಲಿ ಬರೆದದ್ದರ ಜೊತೆ ಹೋಲಿಸಿ ತೋರಿಸಲು ಕೇಳಿ. ಕೇಳಿದ್ದಕ್ಕೆ ಸಿಟ್ಟು ಮಾಡುವ ಡ್ರೈವರ್ ಹತ್ತಿರ ಎಣ್ಣೆ ತಗೋಬೇಡಿ.

ಆದರೆ ನಾನು ನೋಡಿದ ಹಾಗೆ, ಎಂಜಿನ್ ಕೆಡುವುದು ಹೆಚ್ಚಾಗಿ ರೈತರ ಟ್ಯಾಂಕಿನ ತಳದ ನೀರಿನಿಂದ. ರಾತ್ರಿ ತಂಪಿಗೆ ಅರ್ಧ ಖಾಲಿ ಟ್ಯಾಂಕಿನ ಒಳಗೆ ನೀರು ಕೂಡುತ್ತದೆ. ನೀರು ಮತ್ತು ಡೀಸೆಲ್ ಸೇರುವಲ್ಲಿ ಸೂಕ್ಷ್ಮಜೀವಿ ಬೆಳೆದು ಲೋಳೆಯಾಗಿ ಫಿಲ್ಟರ್ ಕಟ್ಟುತ್ತದೆ. ಡ್ರೈವರ್ ಡಿಪ್ ಕೋಲಿಗೆ (ಟ್ಯಾಂಕಿನಲ್ಲಿ ಎಣ್ಣೆಯ ಮಟ್ಟ ನೋಡುವ ಕೋಲು) ನೀರು ಪತ್ತೆ ಮಾಡುವ ಪೇಸ್ಟ್ ಹಚ್ಚಿ ಇಳಿಸಬೇಕು. ಬಣ್ಣ ಬದಲಾದರೆ 'ಮೊದಲು ನೀರು ಬಸಿಯಿರಿ, ಆಮೇಲೆ ತುಂಬುತ್ತೇನೆ' ಅನ್ನಬೇಕು. ಅವನು ಬೇಡ ಅಂದದ್ದು ನಿಮ್ಮ ಒಳ್ಳೆಯದಕ್ಕೇ, ಬೇಸರ ಮಾಡಿಕೊಳ್ಳಬೇಡಿ. ಹಾಗೇ ಒಳಗೆ ಸತುವಿನ ಲೇಪ ಇರುವ ಡ್ರಮ್ ಬೇಡ. ಡೀಸೆಲಿಗೂ ಸತುವಿಗೂ ಆಗಿಬರುವುದಿಲ್ಲ.

ಪ್ರಶ್ನೆ (ಅದೇ ತಾಲ್ಲೂಕಿನ ಇನ್ನೊಬ್ಬ ರೈತ ಮಹಿಳೆ):
ಅಣ್ಣಾ, ನಾವು ತೋಟದಲ್ಲಿ ಇಲ್ಲದಾಗ ಬಂದು ತುಂಬಿ ಹೋಗಬಹುದಾ?

ಉತ್ತರ:
ಬೇಡ ಅಕ್ಕಾ. ಯಾರಾದರೂ ಇರಲೇಬೇಕು. ತುಂಬುವ ಮುಂಚೆ ಡಿಪ್ ನೋಡಿ, ಮೀಟರ್ ಸೊನ್ನೆಗೆ ಬಂದದ್ದು ನೋಡಿ, ಮುಗಿದ ಮೇಲೆ ಮತ್ತೆ ಡಿಪ್ ನೋಡಿ. ಬಿಸಿಲಿಗೆ ಎಣ್ಣೆ ಹಿಗ್ಗುವುದರಿಂದ ಬಾಯಿತನಕ ತುಂಬಿಸಬೇಡಿ. ಕ್ಯಾನ್ ಆದರೆ ನೆಲದ ಮೇಲೆ ಇಟ್ಟೇ ತುಂಬಬೇಕು, ಟ್ರಾಲಿ ಮೇಲೆ ಇಟ್ಟು ಅಲ್ಲ. ಸ್ಥಿರ ವಿದ್ಯುತ್ತಿನ ಕಿಡಿ ಹಾರಬಹುದು.

ದಾರಿಯನ್ನೂ ಮೊದಲೇ ತೋರಿಸಿ. ಗಾಡಿಯಲ್ಲಿ 6,000 ಲೀಟರ್ ಇದ್ದರೆ ಡೀಸೆಲ್ಲೇ ಸುಮಾರು 5 ಟನ್ ತೂಗುತ್ತದೆ. ಮಳೆ ಬಿದ್ದ ಎರೆ ನೆಲದಲ್ಲಿ ಗಾಡಿ ಹೂತರೆ ಅವತ್ತು ಯಾರಿಗೂ ಎಣ್ಣೆ ಇಲ್ಲ. ರಾತ್ರಿ ಮಳೆ ಬಂದರೆ ಬೆಳಿಗ್ಗೆ ಎಲ್ಲರೂ ಡೌನಿ ರೋಗಕ್ಕೆ (ದ್ರಾಕ್ಷಿಗೆ ತೇವದಲ್ಲಿ ಬರುವ ಬೂಜು ರೋಗ) ಔಷಧ ಹೊಡೆಯಲೇಬೇಕು, ಅಲ್ವಾ? ಎಲ್ಲರ ಫೋನೂ ಒಂದೇ ಹೊತ್ತಿಗೆ ಬರುತ್ತದೆ. ಅದಕ್ಕೇ ಚಾಟಣಿ ತಾರೀಖನ್ನು ನಿಮ್ಮ ಡ್ರೈವರಿಗೆ ಈಗಲೇ ಹೇಳಿಡಿ. ಮೋಡ ಕಂಡಾಗಲೇ ಬಂದು ತುಂಬಿ ಹೋಗುತ್ತಾನೆ.