ಅಪ್‌ಡೇಟ್: ಬೈಕಿನ ಹಿಂದಿನ ಟ್ರೈಲರ್‌ನ ಓಲಾಟ ಕೊನೆಗೂ ನಿಂತಿತು

ಗಂಟೆಗೆ 80 ಕಿ.ಮೀ. ದಾಟಿದೊಡನೆ ನನ್ನ ಟೂರಿಂಗ್ ಬೈಕಿಗೆ ಕಟ್ಟಿದ ಸಣ್ಣ ಸರಕು ಟ್ರೈಲರ್ ಎಡಕ್ಕೂ ಬಲಕ್ಕೂ ಓಲಾಡುತ್ತದೆ ಎಂದು ಹತ್ತು ದಿನಗಳ ಹಿಂದೆ ಸಹಾಯ ಕೇಳಿದ್ದೆ.

ಟೈರುಗಳ ಗಾಳಿ ಸರಿಪಡಿಸಿದ್ದರಿಂದ ಏನೂ ಆಗಲಿಲ್ಲ. ಹಿಂಬದಿ ಶಾಕ್‌ನ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಬಿಗಿ) ಹೆಚ್ಚಿಸಿದಾಗ ಬೈಕಿನ ಹಿಂಭಾಗ ಕುಸಿಯುವುದು ತಪ್ಪಿತೇ ಹೊರತು ಓಲಾಟ ತಪ್ಪಲಿಲ್ಲ. ಫಲ ಕೊಟ್ಟದ್ದು, ಹಿಚ್‌ನ (ಟ್ರೈಲರನ್ನು ಬೈಕಿಗೆ ಜೋಡಿಸುವ ಕೊಂಡಿಯ) ಮೇಲೆ ಬೀಳುವ ಭಾರವನ್ನು ತೂಗಿ ನೋಡಿ ಎಂದವರ ಸಲಹೆ. ಮನೆಯ ತೂಕದ ಯಂತ್ರದ ಮೇಲೆ ಹಿಚ್‌ನಷ್ಟೇ ಎತ್ತರದ ಮರದ ತುಂಡನ್ನು ನಿಲ್ಲಿಸಿ, ಅದರ ಮೇಲೆ ಟ್ರೈಲರ್‌ನ ಮೂತಿಯನ್ನಿಟ್ಟು, ಮರದ ತೂಕವನ್ನು ಕಳೆದು ನೋಡಿದಾಗ, ಒಟ್ಟು 90 ಕೆ.ಜಿ.ಯಲ್ಲಿ ಮುಂದಕ್ಕೆ ಬೀಳುತ್ತಿದ್ದುದು ಬರೀ 3 ಕೆ.ಜಿ. ಎಂದು ತಿಳಿಯಿತು. ತೆಗೆಯಲು ಸುಲಭವೆಂದು ಉಪಕರಣಗಳ ಪೆಟ್ಟಿಗೆಯನ್ನು ನಾನು ಬಾಗಿಲ ಪಕ್ಕದಲ್ಲೇ, ಅಂದರೆ ಆಕ್ಸಲ್‌ಗಿಂತ (ಚಕ್ರಗಳ ಅಚ್ಚಿಗಿಂತ) ಹಿಂದೆ, ಇಡುತ್ತಿದ್ದೆ. ಹಿಂದೆ ಭಾರ ಹೆಚ್ಚಾಗಿ ಮೂತಿ ಹಗುರವಾದರೆ ಟ್ರೈಲರ್ ಓಲಾಡುತ್ತದೆ; ನನ್ನ ಸೋಮಾರಿತನವೇ ಬಾಲ ಅಲ್ಲಾಡಿಸುತ್ತಿತ್ತು ಎನ್ನಬೇಕು. ಅದನ್ನು ಆಕ್ಸಲ್‌ಗಿಂತ ತುಸು ಮುಂದಕ್ಕೆ ಸರಿಸಿ ಬೆಲ್ಟಿನಿಂದ ಬಿಗಿದ ಮೇಲೆ ಮೂತಿಯ ಭಾರ 9 ಕೆ.ಜಿ.ಗೆ, ಎಂದರೆ ಒಟ್ಟು ತೂಕದ ಶೇ. 10ಕ್ಕೆ, ಏರಿತು; ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಟ್ರೈಲರ್ ಈಗ ನೆಟ್ಟಗೆ ಹಿಂಬಾಲಿಸುತ್ತಿದೆ. ಹಿಚ್‌ನ ಮಿತಿ ಮೀರಬಾರದೆಂದು ಅದಕ್ಕಿಂತ ಹೆಚ್ಚಿಸಲು ಹೋಗಲಿಲ್ಲ.

ನಾನು ನಿರೀಕ್ಷಿಸದೇ ಇದ್ದದ್ದು ಒಂದಿದೆ: ನಿಲ್ಲಿಸಿ ಮುಟ್ಟಿದಾಗ ಟ್ರೈಲರ್‌ನ ಒಂದು ಹಬ್ (ಬೇರಿಂಗ್ ಕೂರುವ ಚಕ್ರದ ನಡುಭಾಗ) ಇನ್ನೊಂದಕ್ಕಿಂತ ಬಹಳ ಬಿಸಿಯಾಗಿತ್ತು. ಚಿಕ್ಕ ಚಕ್ರಗಳು ಅಷ್ಟೇ ದೂರಕ್ಕೆ ಬೈಕಿನ ಚಕ್ರಕ್ಕಿಂತ ಹೆಚ್ಚು ಸುತ್ತು ತಿರುಗುವುದರಿಂದ ಬೇರಿಂಗ್ ಬೇಗ ಸವೆಯುತ್ತದೆ. ಬಿಚ್ಚಿ ನೋಡಿದರೆ ಗ್ರೀಸ್ ಒಣಗಿ ಕಪ್ಪಾಗಿತ್ತು. ಹೊಸ ಬೇರಿಂಗ್ ಹಾಕಿಸಿದ್ದೇನೆ.