ಹೊರದೇಶದ ಆಕ್ಸಿಲರೇಟರ್: ಹೋಗಿ ಬಂದವರು ಹೇಳಿ

ಕೇಳಿದ್ದು, ಚಿಕ್ಕಮಗಳೂರಿನಿಂದ: ಕಣದಲ್ಲಿ ಒಣ ಹಾಕಿದ ಕಾಫಿಯ ತೇವಾಂಶ ಅಳೆಯುವ ಸಾಧನ ಮಾಡಿದ್ದೇವೆ. ಇಬ್ಬರು ಗೆಳೆಯರ ಕಂಪನಿ. ಅಮೆರಿಕದ ಒಂದು ಆಕ್ಸಿಲರೇಟರ್ (ಹೊಸ ಕಂಪನಿಗಳಿಗೆ ಹಣ, ತರಬೇತಿ ಕೊಟ್ಟು ಬೆಳೆಸುವ ಸಂಸ್ಥೆ, ಸಾಮಾನ್ಯವಾಗಿ ಬದಲಿಗೆ ಷೇರು ಕೇಳುತ್ತದೆ) ಮೂರು ತಿಂಗಳಿಗೆ ಕರೆದಿದೆ. ಅಲ್ಲಿನ ಡೆಲವೇರ್ ರಾಜ್ಯದಲ್ಲಿ ಕಂಪನಿ ತೆರೆಯಿರಿ ಅನ್ನುತ್ತಿದ್ದಾರೆ. ಹೋಗಬಹುದಾ?

ಹುಬ್ಬಳ್ಳಿಯಿಂದ: ನಾವು ಹೀಗೇ ಹೋದವರು. ಅಲ್ಲಿ ಕಲಿತದ್ದು ತುಂಬಾ ಇದೆ. ಆದರೆ ಸಹಿ ಹಾಕುವ ಮೊದಲು ಎರಡೂ ದೇಶದ ಲೆಕ್ಕ ಬಲ್ಲ ಸಿಎ ಹತ್ತಿರ ಒಂದು ಗಂಟೆ ಕೂತು ಮಾತಾಡಿ. ನಾವು ಕೂರಲಿಲ್ಲ. ಎಲ್ಲರೂ ಮಾಡುವಂತೆ 1 ಕೋಟಿ ಷೇರಿಗೆ ಕಂಪನಿ ನೋಂದಾಯಿಸಿದೆವು. ಅಲ್ಲಿ ನೋಂದಾಯಿಸಿದ ಕಂಪನಿ ವರ್ಷವರ್ಷ ಡೆಲವೇರ್‌ಗೆ ಕಟ್ಟುವ ಫ್ರಾಂಚೈಸ್ ತೆರಿಗೆಯನ್ನು ಮೊದಲ ವರ್ಷ ತೆಗೆದು ನೋಡಿದರೆ 85,165 ಡಾಲರ್! ಖಾತೆಯಲ್ಲಿ ಅಷ್ಟು ದುಡ್ಡೇ ಇರಲಿಲ್ಲ. ಎರಡು ರಾತ್ರಿ ನಿದ್ದೆ ಇಲ್ಲ. ಆಮೇಲೆ ತಿಳಿಯಿತು, ಅದು ಷೇರು ಎಣಿಸಿ ಹಾಕಿದ ಲೆಕ್ಕ. ಕಂಪನಿಯ ಆಸ್ತಿ ನೋಡಿ ಹಾಕುವ ಇನ್ನೊಂದು ಲೆಕ್ಕವೂ ಇದೆ. ಅದರಲ್ಲಿ 400 ಡಾಲರ್‌ಗೆ ಇಳಿಯಿತು. ಲಾಭ ಇರಲಿ ಬಿಡಲಿ, ಮಾರ್ಚ್ 1ರೊಳಗೆ ಕಟ್ಟಬೇಕು. ಇಲ್ಲಿಂದ ನೀವು ಆ ಕಂಪನಿಗೆ ಹಾಕುವ ದುಡ್ಡನ್ನು ಅಮೆರಿಕದ ತೆರಿಗೆ ಇಲಾಖೆಗೆ ಕೊಡುವ 5472 ಅನ್ನುವ ಫಾರ್ಮಿನಲ್ಲಿ ತೋರಿಸಬೇಕು. ಮರೆತರೆ ದಂಡ ಶುರುವಾಗುವುದೇ 25,000 ಡಾಲರ್‌ನಿಂದ. ಮತ್ತೆ, ಅಲ್ಲಿನ ಷೇರಿನ ದುಡ್ಡನ್ನು ಬ್ಯಾಂಕಿನ ಮೂಲಕವೇ, ಹೊರದೇಶದ ಹೂಡಿಕೆ ಅಂತ ಬರೆದುಕೊಟ್ಟೇ ಕಳಿಸಿ. ಸುಮ್ನೆ ಕಾರ್ಡಿನಲ್ಲಿ ಕಟ್ಟಿ ಮುಗಿಸಬೇಡಿ.

ಮೈಸೂರಿನಿಂದ: ನಾನು ಹೋಗಿದ್ದು ಸ್ಟಾರ್ಟ್‌ಅಪ್ ಚಿಲಿಗೆ. 2010ರಲ್ಲಿ ಚಿಲಿ ದೇಶದ ಸರ್ಕಾರವೇ ಶುರು ಮಾಡಿದ ಆಕ್ಸಿಲರೇಟರ್ ಅದು. ನಾನಿದ್ದಾಗ ಷೇರು ಕೇಳಲಿಲ್ಲ, ವೀಸಾನೂ ಕೊಟ್ಟರು. ರಾಜಧಾನಿ ಸ್ಯಾಂಟಿಯಾಗೊದಲ್ಲಿ ಸ್ಪ್ಯಾನಿಶ್ ಬರದೆ ಮೊದಲ ತಿಂಗಳು ಒಬ್ಬ ಗ್ರಾಹಕನ ಹತ್ತಿರವೂ ನೆಟ್ಟಗೆ ಮಾತಾಡೋಕೆ ಆಗಲಿಲ್ಲ. ಭಾಷೆ ಕಲಿತ ಮೇಲೇ ಕೆಲಸ ಸಾಗಿದ್ದು. ನಿಮ್ಮದು ಕಾಫಿ, ಅಲ್ವಾ? ಅದನ್ನ ಜಾಸ್ತಿ ಬೆಳೆಯೋದು ಬ್ರೆಜಿಲ್, ವಿಯೆಟ್ನಾಂ, ಕೊಲಂಬಿಯಾದಲ್ಲಿ. ಈ ಆಕ್ಸಿಲರೇಟರ್‌ನವರಿಗೆ ಅಲ್ಲಿ ಯಾರಾದರೂ ಗೊತ್ತಾ ಅಂತ ಮೊದಲು ಕೇಳಿ. ಗೊತ್ತಿಲ್ಲ ಅಂದರೆ ನಾನಾಗಿದ್ದರೆ ಹೋಗುತ್ತಿರಲಿಲ್ಲ.

ಬೆಂಗಳೂರಿನಿಂದ: ಕಂಪನಿಯನ್ನು ಆಚೆ ಒಯ್ಯುವುದು ಸುಲಭ, ವಾಪಸ್ ತರುವುದು ಕಷ್ಟ. ಫೋನ್‌ಪೇ 2022ರಲ್ಲಿ ಸಿಂಗಪುರದಿಂದ ಭಾರತಕ್ಕೆ ಬಂದಾಗ ಅದರ ಹೂಡಿಕೆದಾರರಿಗೆ ಸುಮಾರು 8,000 ಕೋಟಿ ರೂಪಾಯಿ ತೆರಿಗೆ ಬಿತ್ತು. ಇಲ್ಲಿನ ಪ್ರೈವೇಟ್ ಲಿಮಿಟೆಡ್‌ಗೇ ಹಣ ಹಾಕುತ್ತೀರಾ ಅಂತ ಆಕ್ಸಿಲರೇಟರ್‌ನವರನ್ನು ಕೇಳಿ ನೋಡಿ. ನಮಗೆ ಎರಡನೇ ಸಲ ಕೇಳಿದಾಗ ಒಪ್ಪಿದರು. ಹಾಗಾದರೆ ಷೇರು ಹಂಚಿದ 30 ದಿನದೊಳಗೆ ಹೊರದೇಶದವರಿಗೆ ಷೇರು ಕೊಟ್ಟದ್ದನ್ನು ತಿಳಿಸುವ ಎಫ್‌ಸಿ-ಜಿಪಿಆರ್ ಫಾರ್ಮ್ ಆರ್‌ಬಿಐಗೆ ಹೋಗಬೇಕು.